ಮುಚ್ಚಳದ ಒಳಗಿನ ನಂಬರ್

ಬ್ರೇಕ್ ಹಿಡಿಯದೆ ಬಿದ್ದಿದ್ದ ಅಂಚೆಯಣ್ಣ ಕೈಗೆ ಪಟ್ಟಿ ಕಟ್ಟಿಕೊಂಡು ನನ್ನ ಗ್ಯಾರೇಜಿಗೆ ಬಂದು, ಬೈಕಿನಿಂದ ಬಿಚ್ಚಿಸಿದ ಬ್ರೇಕ್ ಶೂವನ್ನು ಮೇಜಿನ ಮೇಲೆ ಕುಕ್ಕಿದ. ಹದಿನೆಂಟು ದಿನದ ಹಿಂದೆ ನಾನೇ ಹಾಕಿದ್ದು. ಲೈನಿಂಗ್ ಒಣಮಣ್ಣಿನಂತೆ ಉದುರಿತ್ತು. ದೂರು ಕೊಡುತ್ತೇನೆ, ಯಾರ ಹೆಸರು ಬರೆಯಲಿ ಎಂದು ಕೇಳಿದ.

ನನ್ನದಲ್ಲ ಎಂದೆ. ಡಬ್ಬಿಯ ಸೀಲನ್ನು ಅವನ ಕಣ್ಣೆದುರೇ ಒಡೆದಿದ್ದೆ. ಈಗ ಆ ಸೀಲಿನ ಮೇಲೇ ನನಗೆ ಗುಮಾನಿ. ಅವನನ್ನು ಅಲ್ಲೇ ಕೂರಿಸಿ ಹೊರಟೆ.

ಶೂ ಕೊಂಡಿದ್ದ ಬಿಡಿಭಾಗದ ಅಂಗಡಿ ನನ್ನ ಭಾವನದು, ಅಕ್ಕನ ಗಂಡನದು. ನನ್ನನ್ನು ಕಂಡದ್ದೇ ಕಪಾಟಿನ ಕೆಳಬಾಗಿಲನ್ನು ಕಾಲಿನಿಂದ ತಳ್ಳಿ ಮುಚ್ಚಿದ. ನನ್ನ ಪಿತ್ತ ನೆತ್ತಿಗೇರಿತು. ಮಾಲು ನಕಲಿ ಎಂದೆ. ಮೇಲಿನಿಂದ ಬಂದದ್ದನ್ನೇ ಕೊಟ್ಟಿದ್ದೇನೆ, ಒಳಗೇನಿದೆಯೋ ದೇವರಿಗೇ ಗೊತ್ತು ಎಂದು ರಾಗ ಎಳೆದ. ಆಮೇಲೆ ಮೆತ್ತಗೆ ಅಂದ:

"ಅರ್ಧ ಬೆಲೆಗೆ ಕಂಪನಿ ಮಾಲು ಸಿಗುತ್ತೇನಪ್ಪಾ? ತಗೊಳ್ಳುವಾಗ ನಿಂಗೆ ಅನುಮಾನ ಬರ್ಲಿಲ್ವಾ?"

ಬಂದಿತ್ತು. ನುಂಗಿಕೊಂಡಿದ್ದೆ. ಅಂಚೆಯಣ್ಣನಿಂದ ಪೂರ್ತಿ ಬೆಲೆ ಕಿತ್ತಿದ್ದೆ.

ಭಾವನನ್ನು ಪಕ್ಕಕ್ಕೆ ದಬ್ಬಿ ಕಪಾಟು ತೆರೆದೆ. ಸೀಲು ಹಾಕಿದ ಡಬ್ಬಿಗಳ ಸಾಲು. ಒಂದರ ಬಾಯಿ ಹರಿದೆ. ಮುಚ್ಚಳದ ಒಳಮೈಯಲ್ಲಿ ಯಾವುದೋ ಗಾಡಿಯ ನಂಬರ್, ಹಳೇ ತಾರೀಖು. ಏಳನೇ ಕ್ಲಾಸಿಗೇ ನಿಂತುಹೋದ ಕಾಗೆಕಾಲಿನ ಅಕ್ಷರ. ನನ್ನದೇ.

ಹೊಸ ಶೂ ಹಾಕಿದಾಗೆಲ್ಲ ಹೀಗೆ ಬರೆದು, ಖಾಲಿ ಡಬ್ಬಿಯನ್ನು ಆರು ತಿಂಗಳು ಇಟ್ಟುಕೊಳ್ಳುವುದು ನನ್ನ ಪದ್ಧತಿ. ಗಿರಾಕಿ ತಗಾದೆ ತೆಗೆದರೆ ಸಾಕ್ಷಿ. ಆರು ತಿಂಗಳಾದದ್ದನ್ನು ಅಕ್ಕ ಒಯ್ಯುತ್ತಿದ್ದಳು. ಮಕ್ಕಳು ಮನೆ ಕಟ್ಟಿ ಆಡುತ್ತವೆ, ಮೂಲೆ ಮುದುಡದ ಹಾಗೆ ಕೊಡು ಅನ್ನುತ್ತಿದ್ದಳು. ಅವಳ ಕಿರಿಯವನಿಗೇ ಮೀಸೆ ಬಂದಿದೆ. ಇಷ್ಟು ದಿನ ಅದು ನನ್ನ ಮಂಡೆಗೆ ಹೊಳೆದಿರಲಿಲ್ಲ. ನನ್ನ ಡಬ್ಬಿಗೆ ನಕಲಿ ತುಂಬಿ ಬೇರೆ ಗ್ಯಾರೇಜುಗಳಿಗೆ ಮಾರಿ, ನನಗೆ ಬೇರೆಯವರ ಡಬ್ಬಿಯಲ್ಲಿ ತುಂಬಿದ್ದು ಕೊಟ್ಟಿರಬೇಕು.

"ಅಕ್ಕಂಗೆ ಗೊತ್ತಾ ಭಾವ?"

"ಅವಳನ್ನೇ ಕೇಳು. ಪೊಲೀಸರ ಹತ್ರಾನೂ ಹೋಗು. ಡಬ್ಬಿ ಮೇಲಿರೋದು ನನ್ನ ಕೈಬರಹ ಅಲ್ವಲ್ಲ," ಎಂದು ನಕ್ಕ.

ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಗ್ಯಾರೇಜಿಗೆ ಬಂದೆ. ಅಂಚೆಯಣ್ಣ ಕದಲದೆ ಕೂತಿದ್ದ. ನಡೆದದ್ದನ್ನೆಲ್ಲ ಹೇಳಿದೆ, ಅರ್ಧ ಬೆಲೆಯದ್ದನ್ನೂ. ಬಲಗೈ ಏಳದ್ದರಿಂದ ಅವನು ದೂರಿನ ಹಾಳೆ, ಪೆನ್ನು ನನ್ನತ್ತ ಸರಿಸಿದ. ಭಾವನ ಅಂಗಡಿ ಬರೆದೆ. ಅದರ ಕೆಳಗೆ ನನ್ನ ಗ್ಯಾರೇಜು ಬರೆದೆ. ಅವನು ಡಬ್ಬಿಯ ಮುಚ್ಚಳವನ್ನು ಹಾಳೆಯ ಪಕ್ಕ ಹಿಡಿದು ಎರಡೂ ಕಡೆಯ ಅಕ್ಷರ ತಾಳೆ ನೋಡಿದ. ಇನ್ನೂ ನನ್ನ ಮೇಲೆ ಸಂಶಯ, ಇರಲಿ.

"ಇಷ್ಟೇನಾ, ಇನ್ಯಾರಾದ್ರೂ ಇದ್ದಾರಾ?"

"ಒಂದು ಸಾಲು ಖಾಲಿ ಬಿಟ್ಟಿದೀನಿ ಅಣ್ಣ. ಕೇಳ್ಕೊಂಡು ಬಂದು ತುಂಬ್ತೀನಿ," ಎಂದು ಅಕ್ಕನ ಮನೆಗೆ ಹೊರಟೆ.