ಪ್ರಸ್ಥಾನದ ಚೀಲ

ಹೇಸ್‌ನ ಸಾಲುಮನೆಯೊಂದರ ಅಡುಗೆಮನೆಯಲ್ಲಿ ಕೂತೇ ವಾಸು ಸುತ್ತಿದಷ್ಟು ಕಾಡು, ಬಯಲುಗಳನ್ನು ಲಂಡನ್ನಿನಲ್ಲಿ ಇನ್ನೊಬ್ಬ ಸುತ್ತಿರಲಿಕ್ಕಿಲ್ಲ. ಲ್ಯಾಪ್‌ಟಾಪಿನಲ್ಲಿ ಅವನದೊಂದು ಶೀಟ್ ಇತ್ತು. ಕಾರಿನಲ್ಲಿ ಎರಡು ಗಂಟೆಯೊಳಗೆ ಮುಟ್ಟಬಹುದಾದ ಯರ್ಟ್‌ಗಳು, ಕಾಡಿನಂಚಿನ ಮರದ ಕ್ಯಾಬಿನ್‌ಗಳು, ಬಾಡಿಗೆಯ ಕ್ಯಾಂಪರ್‌ವ್ಯಾನ್‌ಗಳು, ಎಲ್ಲಕ್ಕೂ ಒಂದೊಂದು ಸಾಲು. ಒಲೆ ಇದೆಯೋ ಇಲ್ಲವೋ, ಟಾಯ್ಲೆಟ್ ಎಷ್ಟು ದೂರ, ಎಷ್ಟು ಜನ, ಮಳೆ ಬಂದರೆ ಏನು ಗತಿ. ಶನಿವಾರ ಬೆಳಗ್ಗೆ ಕಾಫಿ ಹಿಡಿದು ಶೀಟ್ ತೆರೆದನೆಂದರೆ ಹೀಥ್ರೋಗೆ ಇಳಿಯುವ ವಿಮಾನಗಳ ಸದ್ದು ಮೆಲ್ಲಗೆ ಮರಗಳ ನಡುವಿನ ಗಾಳಿಯ ಸದ್ದಾಗುತ್ತಿತ್ತು. ಅವನು ಯರ್ಟ್ ಎಂಬ ಆ ದುಂಡನೆಯ ಬಟ್ಟೆಮನೆಯೊಳಗೆ ಅಂಗಾತ ಮಲಗಿ, ನೆತ್ತಿಯ ಕಿಂಡಿಯಲ್ಲಿ ಮೋಡಗಳು ಒಂದೊಂದಾಗಿ ದಾಟುವುದನ್ನು ನೋಡುತ್ತಿದ್ದ. ಕಾಫಿ ಆರುವ ಹೊತ್ತಿಗೆ ಟ್ರಿಪ್ ಮುಗಿದಿರುತ್ತಿತ್ತು. ಹೀಗೆ ಒಂಬತ್ತು ವರ್ಷದಲ್ಲಿ ಇಪ್ಪತ್ಮೂರು ಟ್ರಿಪ್. ನಿಜವಾಗಿ ಹೋದದ್ದು ಒಂದೂ ಇಲ್ಲ.

"ಗಾಳಿಗೋಪುರ ಕಟ್ಟೋರನ್ನ ಕಂಡಿದೀನಿ ಕಣ್ರೀ, ಗಾಳೀಲಿ ಗುಡಾರ ಹಾಕೋರನ್ನ ನಿಮ್ಮನ್ನೇ ನೋಡಿದ್ದು," ಎನ್ನುತ್ತಿದ್ದಳು ಹೆಂಡತಿ ಸಿರಿಶಾ. ಅವನು ನಗುತ್ತಿದ್ದ. ಒಮ್ಮೆ ಮಳೆ, ಒಮ್ಮೆ ಆಫೀಸಿನ ರಿಲೀಸು, ಒಮ್ಮೆ ಊರಿನಿಂದ ನೆಂಟರು. ಬಿಡಲು ಕಾರಣಕ್ಕೇನು ಬರ.

ಈ ಆಗಸ್ಟಿನಲ್ಲಿ ಮಾತ್ರ ಅವನಿಗೆ ನಗು ಬರುತ್ತಿರಲಿಲ್ಲ. ಮಗಳು ಮಾನ್ಯಾಗೆ ಹದಿನೆಂಟು ತುಂಬಿತ್ತು. ಸೆಪ್ಟೆಂಬರಿನಲ್ಲಿ ಎಡಿನ್‌ಬರಾಗೆ ಓದಲು ಹೊರಡುವವಳು. ಚಿಕ್ಕವಳಿದ್ದಾಗ ಅವನ ತೊಡೆಯ ಮೇಲೆ ಕೂತು ಶೀಟಿನ ಒಂದೊಂದು ಸಾಲಿಗೂ ಬಣ್ಣ ಆರಿಸುತ್ತಿದ್ದವಳು ಅವಳೇ. ಇವತ್ತು ಬೆಳಗ್ಗೆ ಅವನು, "ನೀನು ಹೋಗೋ ಮುಂಚೆ ಒಂದ್ಸಲ ಎಲ್ಲಾದ್ರೂ ಹೋಗಿ ಬರೋಣ ಕಣಮ್ಮ," ಎಂದ. "ಷ್ಯೂರ್, ಅಪ್ಪ," ಎಂದಳು ಮಾನ್ಯಾ, ಫೋನಿನಿಂದ ತಲೆ ಎತ್ತದೆ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು ಅವಳಿಗೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಟ ಮಾಡುವ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿತ್ತು ಆ ಷ್ಯೂರ್. ಬೇಡ ಎಂದಿದ್ದರೆ ಪುಸಲಾಯಿಸಬಹುದಿತ್ತು. ನಂಬಿಕೆಯೇ ಹೋದವಳನ್ನು ಏನೆಂದು ಪುಸಲಾಯಿಸುವುದು?

ಅಷ್ಟರಲ್ಲಿ ಬಾಗಿಲ ಬೆಲ್ಲಾಯಿತು. ಪಕ್ಕದ ಮನೆಯ ಡೊರೀನ್. ಎಪ್ಪತ್ತು ದಾಟಿದ ಈ ಜಮೈಕಾದ ಹೆಂಗಸು ಅಂದು ಮನೆ ಖಾಲಿ ಮಾಡಿ ಬರ್ಮಿಂಗ್‌ಹ್ಯಾಮಿನ ಮಗಳ ಹತ್ತಿರ ಹೊರಟಿದ್ದಳು. ಸಾಮಾನಿನ ಲಾರಿ ರಸ್ತೆಯಲ್ಲಿ ನಿಂತಿತ್ತು. ಅವಳ ಕೈಯಲ್ಲಿ ನೀಲಿ ಬಟ್ಟೆಯ ದೊಡ್ಡದೊಂದು ಚೀಲ.

"ನಿನ್ನ ಅಮ್ಮ ಕೊಟ್ಟಿದ್ದು," ಎಂದಳು ಡೊರೀನ್. "ನಾನು ತೆಗೆದು ನೋಡಿಲ್ಲ. ವಾಪಸ್ ತರಬಾರದು ಅಂದಿದ್ದಳು, ತರಲಿಲ್ಲ. ಈಗ ನಾನೇ ಹೋಗ್ತಿದೀನಿ ಮಗನೇ, ಏನು ಮಾಡಲಿ ಹೇಳು."

ಚೀಲವನ್ನು ಕೈಗೆ ತೆಗೆದುಕೊಳ್ಳುತ್ತಿದ್ದಂತೆ ವಾಸುವಿಗೆ ಎಲ್ಲವೂ ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಅಮ್ಮ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದಳು. ಅವನು ಮೊಟ್ಟಮೊದಲ ಸಲ ಕೆಂಟ್‌ನ ತೋಟವೊಂದರಲ್ಲಿ ಯರ್ಟ್ ಬುಕ್ ಮಾಡಿದ್ದ. ಶೀಟಿನ 'ಜನ' ಎಂಬ ಕಾಲಮ್ಮಿನಲ್ಲಿ ಮೂರು ಎಂದು ತುಂಬಿ, ಅಮ್ಮನಿಗೆ ಅಲ್ಲಿನ ಚಳಿ ಒಗ್ಗುವುದಿಲ್ಲವೆಂದು ತಾನೇ ತೀರ್ಮಾನಿಸಿದ್ದ. ಅಮ್ಮನೂ, "ನೀವು ಹೋಗ್ಬನ್ನಿಪ್ಪ, ಮನೇಲಿ ನಾನಿರ್ತೀನಿ," ಎಂದಿದ್ದಳು. ಆಮೇಲೆ ಪಂಚಾಂಗ ತೆಗೆದು ತಕರಾರು ಹೂಡಿದಳು. ಕೆಂಟ್ ಪೂರ್ವಕ್ಕೆ, ಶನಿವಾರ ಪೂರ್ವಕ್ಕೆ ವಾರಶೂಲೆ, ಹೊರಡಕೂಡದು. ದಿನ ಬದಲಿಸಲು ಆಗುವುದಿಲ್ಲವೆಂದು ಇವನು ಹೇಳಿದ. ಹಾಗಾದರೆ ಪ್ರಸ್ಥಾನ ಇಟ್ಟುಬಿಡೋಣ ಎಂದಳು ಅಮ್ಮ. ಒಳ್ಳೆಯ ದಿನ ನೋಡಿ, ಹೋಗುವವರ ಬಟ್ಟೆಯ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಂದರೆ ಪ್ರಯಾಣ ಆಗಲೇ ಶುರುವಾದ ಲೆಕ್ಕ. ಆಮೇಲೆ ಯಾವತ್ತು ಹೊರಟರೂ ದೋಷವಿಲ್ಲ. ನಿಯಮ ಎರಡೇ. ಹೋಗುವವರ ಬಟ್ಟೆ ಮಾತ್ರ ಇಡಬೇಕು. ಇಟ್ಟ ಗಂಟು ತಿರುಗಿ ಮನೆಯೊಳಗೆ ಬರಕೂಡದು, ಅಲ್ಲಿಂದ ಮುಂದಕ್ಕೇ ಹೋಗಬೇಕು.

ಶುಕ್ರವಾರ ಬೆಳಗ್ಗೆ ಅಮ್ಮ ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿ, ಪೂರ್ವದ ಮಗ್ಗುಲಿಗಿದ್ದ ಡೊರೀನಳ ಮನೆಗೆ ಚೀಲ ಹೊತ್ತು ಹೋದಳು. "ಬ್ಯಾಗ್ ಗೋಯಿಂಗ್. ನೋ ಕಮ್ ಬ್ಯಾಕ್," ಎಂದು ತನ್ನ ಇಂಗ್ಲಿಷಿನಲ್ಲಿ ತಿಳಿಸಿ ಬಂದಳು. ಸಂಜೆಗೆ ಮಾನ್ಯಾಳ ಮೈತುಂಬ ಚಿಕನ್‌ಪಾಕ್ಸ್ ಎದ್ದಿತು. ಅಲ್ಲಿಗೆ ಟ್ರಿಪ್ಪೂ ಮುಗಿಯಿತು. ಮೂರು ವಾರದ ಮೇಲೆ ಅಮ್ಮ ಊರಿಗೆ ಹೊರಟಳು. ಎರಡು ವರ್ಷದ ಹಿಂದೆ ತೀರಿಕೊಂಡಳು. ಚೀಲ ಎಲ್ಲರಿಗೂ ಮರೆತೇಹೋಗಿತ್ತು. ಒಂದು ಗೋಡೆಯ ಆಚೆ ಅದು ಇಷ್ಟು ವರ್ಷವೂ ಪ್ರಯಾಣದಲ್ಲೇ ಇತ್ತೆಂದು ನೆನೆದು ವಾಸು ಚೀಲದ ಮೇಲೊಮ್ಮೆ ಕೈಯಾಡಿಸಿದ.

ಡೊರೀನಳನ್ನು ತಬ್ಬಿ ಬೀಳ್ಕೊಟ್ಟು, ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ಅವನು ಚೀಲ ಎತ್ತಿಕೊಂಡು ಬಾಗಿಲಿಗೆ ಬಂದ.

"ಅಪ್ಪಾ, ಸ್ಟಾಪ್." ಮಾನ್ಯಾ ಹೊಸಿಲಲ್ಲಿ ಅಡ್ಡ ನಿಂತಿದ್ದಳು. ಅದು ಒಳಗೆ ಬರುವ ಹಾಗಿಲ್ಲ ಎಂದಳು ಇಂಗ್ಲಿಷಿನಲ್ಲಿ.

"ನಿಂಗೆ ನೆನಪಿದೆಯಾ?"

ನೆನಪಿಲ್ಲದೆ ಏನು. ಅವಳ ಹಳದಿ ಟಾರ್ಚು ಆ ಚೀಲದಲ್ಲಿತ್ತು. ಜ್ವರದಲ್ಲಿ ಎರಡು ದಿನ ಅದಕ್ಕಾಗಿ ಅತ್ತಿದ್ದಳು. ಕೇಳಿದ್ದನ್ನೆಲ್ಲ ಕೊಡುತ್ತಿದ್ದ ಅಜ್ಜಿ ಅದೊಂದನ್ನು ತಂದುಕೊಡಲಿಲ್ಲ. ಬಂದರೆ ಪ್ರಯಾಣ ಮುರಿಯುತ್ತದೆ ಪುಟ್ಟಿ, ನಾವೇ ಅದರ ಹತ್ತಿರ ಹೋಗೋಣ ಎಂದಿದ್ದಳು. ಇವತ್ತು ಅದನ್ನು ಒಳಗೆ ತಂದರೆ ಆವತ್ತು ಅತ್ತದ್ದೆಲ್ಲ ದಂಡವಲ್ಲವೇ ಎಂದು ಮಾನ್ಯಾ ಕೇಳಿದಳು. ಕೇಳುವಾಗ ಅವಳ ಮುಖದಲ್ಲಿ ಒಂಬತ್ತು ವರ್ಷದ ಹುಡುಗಿ ಇಣುಕಿ ಹೋದಳು.

ಅಪ್ಪ ಮಗಳು ಮನೆ ಮುಂದಿನ ಮೋಟುಗೋಡೆಯ ಮೇಲೆ ಕೂತು ಚೀಲ ಬಿಚ್ಚಿದರು. ಅಕ್ಕಿ, ಅಡಿಕೆ ಕಟ್ಟಿದ್ದ ಪುಟ್ಟ ಗಂಟು. ಹಳದಿ ಟಾರ್ಚು. ಗೇಣುದ್ದದ ನೇರಳೆ ಬಣ್ಣದ ಮಳೆಬೂಟು; ಮಾನ್ಯಾ ಅದನ್ನು ಕೈಗೆ ತೊಟ್ಟು ನೋಡಿದಳು. ವಾಸುವಿನ ಟೀ ಶರ್ಟು, ಸಿರಿಶಾಳ ಚೂಡಿದಾರ. ಎಲ್ಲಕ್ಕಿಂತ ತಳದಲ್ಲಿ, ಅಚ್ಚುಕಟ್ಟಾಗಿ ಮಡಿಸಿದ ಮರೂನ್ ಸ್ವೆಟರ್.

ಅಮ್ಮ ಬಂದ ಹೊಸದರಲ್ಲಿ ಹೌನ್ಸ್‌ಲೋ ಪೇಟೆಯಲ್ಲಿ ಅವಳಿಗೆಂದು ಕೊಂಡದ್ದು. ವಾಸು ಅದನ್ನೇ ನೋಡುತ್ತ ಕೂತ. ಕೊನೆಯ ಮೂರು ವಾರ ಅಮ್ಮ ಎರಡು ಶಾಲು ಹೊದ್ದು ನಡುಗುತ್ತ ಓಡಾಡಿದ್ದಳು. ಸ್ವೆಟರ್ ಎಲ್ಲಿ ಎಂದರೆ, "ಎಲ್ಲೋ ಇಟ್ಟು ಮರೆತೆ ಕಣೋ," ಎಂದಿದ್ದಳು. ಹೊಸದನ್ನು ಕಳೆದುಬಿಟ್ಟೆಯಲ್ಲ ಎಂದು ಇವನು ರೇಗಿದ್ದ. ಹೋಗುವವರ ಬಟ್ಟೆ ಮಾತ್ರ ಇಡಬೇಕು. ಅಮ್ಮನಿಗೆ ಹೋಗುವ ಆಸೆಯಿತ್ತು, ಇವನು ಒಂದು ಮಾತು ಕೇಳಿರಲಿಲ್ಲ. ವಾಸು ಸ್ವೆಟರನ್ನು ಮುಖಕ್ಕೆ ಒತ್ತಿಕೊಂಡು ಬೀದಿಯಲ್ಲೇ ಅತ್ತ. ಮಾನ್ಯಾ ಅವನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು.

ಸಿರಿಶಾ ಹೊರಬಂದು ನೋಡಿದಳು. ಅವಳಿಗೆ ಹೆಚ್ಚು ಹೇಳಬೇಕಾಗಲಿಲ್ಲ. "ಇವತ್ತೂ ಶನಿವಾರವೇ ಕಣ್ರೀ," ಎಂದಳು ಮೆಲ್ಲಗೆ.

"ಪ್ರಸ್ಥಾನ ಇಟ್ಟಾಗಿದೆಯಲ್ಲ," ಎಂದ ವಾಸು.

ಅವಳು ಕಾರಿನ ಬೀಗದ ಕೈ ತರಲು ಒಳಗೆ ಹೋದಳು. ವಾಸು ಅಭ್ಯಾಸಬಲದಿಂದ ಲ್ಯಾಪ್‌ಟಾಪ್ ತರಲು ಎದ್ದ. ಮಾನ್ಯಾ ತೋಳು ಹಿಡಿದು ಕೂರಿಸಿ, ತನ್ನ ಫೋನಿನಲ್ಲೇ ಆ ಕೆಂಟ್ ತೋಟವನ್ನು ಹುಡುಕಿ, ನಂಬರ್ ಒತ್ತಿ ಅವನ ಕೈಗಿತ್ತಳು. ಫೋನೆತ್ತಿದ ತೋಟದ ಹೆಂಗಸು ಯರ್ಟ್‌ಗಳೆಲ್ಲ ತುಂಬಿವೆ ಎಂದಳು. ಸೇಬಿನ ಮರಗಳ ಹಿಂದೆ ಹಳೆಯದೊಂದು ಕ್ಯಾರವಾನ್ ನಿಂತಿದೆ, ಬಾಗಿಲಿಗೆ ಒಂದು ಒದೆ ಕೊಟ್ಟರೆ ತೆರೆದುಕೊಳ್ಳುತ್ತದೆ, ಆಗಬಹುದಾದರೆ ಬನ್ನಿ. ಎಷ್ಟು ಜನ?

ಮೂವರು ಎನ್ನಲು ವಾಸು ಬಾಯಿ ತೆರೆದ.

"ನಾಲ್ಕು ಜನ ಅನ್ನು, ಅಪ್ಪ," ಎಂದಳು ಮಾನ್ಯಾ, ಕನ್ನಡದಲ್ಲಿ. ಸ್ವೆಟರನ್ನು ಮತ್ತೆ ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು.

ವಾಸು ಹಾಗೆಯೇ ಹೇಳಿದ. ಮಲಗಲು ಜಾಗವಿರುವುದು ಮೂವರಿಗೇ ಎಂದು ಆ ಹೆಂಗಸು ಅನುಮಾನಿಸಿದಳು. ಒಬ್ಬರು ನೆಲದ ಮೇಲೆ ಹೊಂದಿಸಿಕೊಳ್ಳುತ್ತಾರೆಯೇ?

"ಹೂಂ," ಎಂದ ವಾಸು. "ನೆಲದ ಮೇಲೆ ನಾನು ಮಲಗ್ತೀನಿ."