ತಾತನ ಹೊಲದ ಮೇಲಿನ ಹೂಳು

ಶೆಟ್ಟಿಹಳ್ಳಿಯ ಹಿನ್ನೀರು ಬೇಸಿಗೆಗೆ ಇಳಿದಿತ್ತು. ದೂರದ ದಿಬ್ಬದ ಮೇಲೆ ರೀವ ಎಂಬ ಹೊಳೆ ಹಕ್ಕಿಗಳು ಮೊಟ್ಟೆಯಿಟ್ಟಿದ್ದವು. ಹಳದಿ ಕೊಕ್ಕು, ಕರಿ ನೆತ್ತಿ. ಹೊಸ ಕ್ಯಾಮೆರಾ ಹಿಡಿದ ಶಾಂತರಾಜು ಚಪ್ಪಲಿ ಬಿಟ್ಟು ಹೊರಟೇಬಿಟ್ಟ. ಹೆಂಡತಿ ಶಾಂತಿ ದಡದಲ್ಲೇ ನಿಂತಳು.

"ಲೇ ರಾಜು, ನಿಂತ್ಕೊಳ್ಳಾ!" ಅದೇ ಊರಿನಲ್ಲಿರುವ ಅವನ ಅಕ್ಕ ಹೊನ್ನಕ್ಕ ಕೂಗಿದಳು. "ಮ್ಯಾಲೆ ಒಣಗಿ ಬಿರುಕು ಬುಟ್ಟೈತೆ ಅಂತ ನಂಬಬ್ಯಾಡ. ಒಳಗೆಲ್ಲ ಕೆಸರು. ದನಾನೂ ಅತ್ಲಾಗೆ ಓಗಕಿಲ್ಲ."

"ಇದು ಡ್ಯಾಮಿಗೆ ಮುಳುಗಿದ ನಮ್ ತಾತನ ಹೊಲ ಕಣಕ್ಕಾ! ನೋಡು, ಬದುವಿನ ಕಲ್ಲು ಕಾಣ್ತೈತೆ. ನೇಗಿಲು ಊಡಿದ್ ನೆಲ ನಮ್ಮನ್ನೇ ನುಂಗ್ತದಾ?"

"ಆ ಕಲ್ಲು ಎದೆಯೆತ್ತರ ಇತ್ತು ಅಂತ ಅಪ್ಪ ಏಳ್ತಿದ್ದ. ಈಗ ತಲೆ ಮಾತ್ರ ಕಾಣ್ತೈತಲ್ಲ, ಮಿಕ್ಕಿದ್ದೆಲ್ಲ ಎಲ್ಲೋಯ್ತು ಏಳು? ಆಟು ಹೂಳು ತುಂಬೈತೆ! ನೀನು ಅತ್ರಕ್ಕೋದ್ರೆ ಹಕ್ಕಿ ಎದ್ದೋಯ್ತವೆ, ಮೊಟ್ಟೆ ಬಿಸಿಲಿಗೆ ಬೆಂದೋಯ್ತವೆ."

"ಕಪ್ಪೆ ಕಂಡ್ರೂ ಕಿರುಚ್ತಿದ್ದೋಳು ನೀನು!" ಎಂದು ನಗುತ್ತಾ ಅವನು ನಡೆದ.

ನಗು ನಡುವೆಯೇ ನಿಂತಿತು. ಒಂದು ಕಾಲು ಮೊಣಕಾಲಿನವರೆಗೆ ಹೂತಿತು. ಅದನ್ನು ಕೀಳಲು ಹೋಗಿ ಇನ್ನೊಂದೂ ಹೂತಿತು. ಒದ್ದಾಡಿದಷ್ಟೂ ಕೆಸರು ಮೇಲೇರಿ ಸೊಂಟ ಹಿಡಿಯಿತು.

"ಶಾಂತೀ!"

ಆ ಕೂಗಿಗೆ ಶಾಂತಿ ಓಡಿದಳು. ಹೊನ್ನಕ್ಕ ಸೆರಗು ಹಿಡಿದು ಎಳೆದಳು. "ನೀನೂ ಹೂತ್ಕೊಂಡ್ರೆ ಯಾರವ್ವಾ ಎತ್ತೋರು? ಓಗು, ಮೀನು ಹಿಡಿಯೋ ಗುಂಡಯ್ಯನ್ನ ಕರ್ಕಂಡ್ ಬಾ!" ಆಮೇಲೆ ತಮ್ಮನಿಗೆ ಕೂಗಿದಳು: "ಒದ್ದಾಡಬ್ಯಾಡ ಕಣ್ಲಾ! ಕ್ಯಾಮೆರಾ ಎಸಿ! ಕೈ ಅಗಲಿಸ್ಕೊಂಡು ಇಂದಕ್ಕೆ ಒರಗು!"

ಶಾಂತರಾಜು ಕ್ಯಾಮೆರಾ ಎಸೆದು ಹಾಗೇ ಒರಗಿದ. ಕಾಯುವುದೇ ಕಷ್ಟವಾಯಿತು. ತಲೆಯ ಮೇಲೆ ಹಕ್ಕಿಗಳು ಚೀರುತ್ತಾ ಸುತ್ತಿದವು. ಶಾಂತಿಯ ಜೊತೆ ಓಡಿಬಂದ ಗುಂಡಯ್ಯ ಹರಿಗೋಲಿಗೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ದಡದವರಿಗೆ ಕೊಟ್ಟ. ಹರಿಗೋಲನ್ನು ಮುಂದೆ ನೂಕುತ್ತಾ, ಅದರ ಅಂಚಿನ ಮೇಲೆ ಎದೆ ಊರಿ ತೆವಳಿದ. "ಅಂಚು ಗಟ್ಟಿಯಾಗ್ ಹಿಡ್ಕಳಿ ಸಾ. ಕಾಲು ಮೆಲ್ಲಗೆ ಆಡ್ಸಿ. ನಿಧಾನ." ಕೊನೆಗೂ ಕೆಸರು ಶಾಂತರಾಜುವನ್ನು ಬಿಟ್ಟುಕೊಟ್ಟಿತು.

ದಡದಲ್ಲಿ ಗುಂಡಯ್ಯ ಬೈಯಲಿಲ್ಲ. ತನ್ನ ಟವೆಲ್ಲಿನಿಂದ ಅವನ ಮುಖ ಒರೆಸಿ, ನೀರು ಕುಡಿಸಿದ.

"ಅಕ್ಕಾ, ತಾತನ ಹೊಲ ಅಂತ..." ಶಾಂತರಾಜು ಬದುವಿನ ಕಲ್ಲಿನತ್ತ ನೋಡಿದ.

"ತಾತನ ಹೊಲ ಅಡೀಲೈತೆ ಕಣಪ್ಪ. ಮ್ಯಾಲಿರೋದು ಹೊಳೆ ತಂದು ಆಕಿದ್ದು. ಏಳು, ದೂರ ಓಗಾನ. ಆ ಹಕ್ಕಿಗಳು ಗೂಡಿಗೆ ಇಳೀಲಿ."

ಓದುಗರೇ, ಹಿನ್ನೀರು ಇಳಿದಾಗ ಕಾಣುವ ನೆಲವನ್ನು ನಂಬಬೇಡಿ, ಅದು ನಿಮ್ಮ ಹಿರಿಯರ ಹೊಲವೇ ಆಗಿದ್ದರೂ. ಊರಿನವರನ್ನು ಕೇಳಿ, ಗಟ್ಟಿ ದಡದಿಂದಲೇ ಚಿತ್ರ ತೆಗೆಯಿರಿ. ಗೂಡಿನ ಹತ್ತಿರ ಹೋಗಲೇಬೇಡಿ. ಯಾರಾದರೂ ಸಿಕ್ಕಿಕೊಂಡರೆ ಅವರ ಹಿಂದೆ ಕೆಸರಿಗೆ ಓಡದೆ ಜನರನ್ನು ಕೂಗಿ, 112ಕ್ಕೆ ಕರೆ ಮಾಡಿ. ಹಕ್ಕಿಗಳು ಮುಂದಿನ ಬೇಸಿಗೆಗೂ ಬರುತ್ತವೆ. ಅವುಗಳನ್ನು ನೋಡಲು ನೀವೂ ಇರಬೇಕು.