ಇನ್ನೂ ಕೂತಿಲ್ಲ

"ಇನ್ನೊಂಚೂರು ಓರೆ ಮಾಡಿ," ಎಂದ ಸತ್ತವಳ ತಮ್ಮ.

ಓರೆ ಮಾಡಿದರೂ ಶವದ ಪೆಟ್ಟಿಗೆ ಮುಂಬಾಗಿಲಿಗೆ ತಿರುಗಲಿಲ್ಲ. ಇಕ್ಕಟ್ಟಾದ ಪಡಸಾಲೆಯಲ್ಲಿ ಗೋಡೆಗಂಟಿ ಸೊಂಟದೆತ್ತರದ ಗಾಜಿನ ಗೂಡು ನಿಂತಿತ್ತು. ಎರಡು ಗಾಜುಗಳ ನಡುವೆ ಎರಡು ಬೆರಳಗಲ ಜಾಗ, ಅದರ ತುಂಬ ನೀರು. ತಳದಲ್ಲಿ ಸುಣ್ಣ, ಇದ್ದಿಲು, ಕಬ್ಬಿಣದ ತುಕ್ಕು ಪದರಪದರವಾಗಿ ಇಳಿದಿದ್ದವು. ನಡುನಡುವೆ ಗಂಡನ ಹಳೆಯ ಅಂಗಿಯ ಚೂರುಗಳು. ಸತ್ತವಳು ಮೊನ್ನೆ ಸುರಿದ ಕೆಮ್ಮಣ್ಣು ಮಾತ್ರ ಇನ್ನೂ ತೇಲುತ್ತಿತ್ತು. ಅದು ಇಳಿದ ಮೇಲೆ ನೀರು ಬಸಿದು ಒಣಗಿಸಿದರೆ ಆಕೆ ಹೀಗೆ ಪದರಗಳಲ್ಲೇ ಮಾಡುತ್ತಿದ್ದ ಚಿತ್ರ ಮುಗಿದಂತೆ.

"ಭಾವ, ಇದನ್ನ ಪಕ್ಕಕ್ಕೆ ಇಡೋಣ್ವಾ?"

"ಮುಟ್ಟಬೇಡ. ಇನ್ನೂ ಕೂತಿಲ್ಲ," ಎಂದ ಗಂಡ.

"ಯಾರು ಕೂತಿಲ್ಲ? ಕುರ್ಚಿ ಇದಾವಲ್ಲ," ಎಂದ ಪಕ್ಕದ ಮನೆಯ ದರ್ಜಿ.

*

ಆಕೆ ಬದುಕಿದ್ದಾಗ, ಕೂತಿಲ್ಲ ಎಂದರೆ ಆ ಮನೆಯಲ್ಲಿ ಮುಂಬಾಗಿಲು ಬಂದ್. ಬಸ್ ಓಡಿಸಿ ದಣಿದು ಬಂದ ಗಂಡನೂ ಅಡುಗೆಮನೆಯಿಂದಲೇ ಒಳಗೆ ಬರಬೇಕು. "ನಮ್ಮನೇಲಿ ಮಣ್ಣು ಕೂರೋವರೆಗೂ ಗಂಡ ನಿಂತಿರಬೇಕು," ಎಂದು ಅವನು ನಗುತ್ತಿದ್ದ.

ಒಮ್ಮೆ ಮರೆತು ಸೈಕಲ್ ನೂಕಿಕೊಂಡು ಮುಂದಿನಿಂದ ಬಂದ. ಹ್ಯಾಂಡಲ್ ಗಾಜಿಗೆ ತಗುಲಿ ಮಣ್ಣು ಕದಡಿತು. ಆಕೆ ಬೈಯಲಿಲ್ಲ. ಅಷ್ಟು ದಿನದ ಕೆಲಸವನ್ನು ಬಕೆಟ್ಟಿಗೆ ಸುರಿದು ಹಿಂದಿನ ಸಂದಿಗೆ ಚೆಲ್ಲಿ ಬಂದಳು.

"ಕದಡಿಹೋದ ಚಿತ್ರ ನಂದಲ್ಲ," ಎಂದಳು. ಬೈದಿದ್ದರೇ ವಾಸಿಯಿತ್ತು ಎನ್ನಿಸಿತ್ತು ಅವನಿಗೆ.

*

"ಹಾಗಾದ್ರೆ ಅಡುಗೆಮನೆ ಕಡೆಯಿಂದ ಒಯ್ಯೋಣ. ಕೈ ಸೋಲ್ತಿದೆ ಭಾವ."

ಗಂಡ ಗಾಜನ್ನೂ ಪೆಟ್ಟಿಗೆಯನ್ನೂ ನೋಡಿದ. ಅವಳದೆಂದು ಉಳಿಯುವ ಕೊನೆಯ ಕೆಲಸ ಇದೊಂದೇ. ಅದು ಹಾಳಾದೀತೆಂದು ಅವನಿಗೆ ನಿಜಕ್ಕೂ ಭಯವಾಗಿತ್ತು. ಆದರೆ ಅಡುಗೆಮನೆಯ ಬಾಗಿಲು ತೆರೆಯುವುದು ಕಸ ಹಾಕುವ ಸಂದಿಗೆ.

"ಬೇಡ. ಇಷ್ಟು ವರ್ಷ ನಾವು ಆ ಕಡೆಯಿಂದ ಓಡಾಡಿದ್ದು ಸಾಕು. ಅವಳು ಮುಂದಿನಿಂದಲೇ ಹೋಗ್ಲಿ."

"ಅಪ್ಪಾ, ಕದಡಿಹೋಗುತ್ತೆ," ಎಂದಳು ಮಗಳು.

"ಗೊತ್ತಮ್ಮ. ಆ ತುದಿ ಹಿಡ್ಕೋ."

ಇಬ್ಬರೂ ಎತ್ತಿ ಪಕ್ಕಕ್ಕೆ ಸರಿಸಿದರು. ನೀರಿನ ಭಾರಕ್ಕೆ ಗೂಡು ಬಾಗಿಲ ಕಡೆಗೆ ವಾಲಿತು. ಕೆಂಪು ನೀರು ಒಮ್ಮೆಲೇ ಉಕ್ಕಿ ಗಾಜಿನ ತುಂಬ ಹರಡಿತು. ಪೆಟ್ಟಿಗೆ ಸಲೀಸಾಗಿ ಹೊರಗೆ ಹೋಯಿತು.

ಎಲ್ಲ ಮುಗಿಸಿ ಸಂಜೆ ಮರಳಿದಾಗ ಮಗಳು ಬಕೆಟ್ ತಂದಳು.

"ಅಮ್ಮ ಇದ್ದಿದ್ರೆ ಚೆಲ್ತಿದ್ಲು."

"ಚೆಲ್ತಿದ್ಲು. ನಾನು ಚೆಲ್ಲಲ್ಲ."

ಅವನು ಬಗ್ಗಿ ನೋಡಿದ. ಕೆಮ್ಮಣ್ಣು ನಿಧಾನವಾಗಿ ಇಳಿಯುತ್ತಿತ್ತು: ಅಡುಗೆಮನೆ ಕಡೆಗೆ ತೆಳ್ಳಗೆ, ಅವಳು ಹೊರಟುಹೋದ ಮುಂಬಾಗಿಲ ಕಡೆಗೆ ದಪ್ಪಗೆ.